ಕಾಣಿಕೆ ಎಣಿಸುವ ಭಾನುವಾರಗಳು

ಅಕ್ಟೋಬರ್ 1, 2024, ಮಂಗಳವಾರ

ರಾತ್ರಿ ಬೆಂಗಳೂರಿನಿಂದ ಅಣ್ಣನ ಮಗ ಫೋನ್ ಮಾಡಿದ್ದ. ಸಂಬಳ ಬಂದಿದೆ, ಅದರ ಜೊತೆಗೆ ಪ್ರಶ್ನೆಯೂ ಬಂದಿದೆ. "ಅತ್ತೆ, ದಶಮಾಂಶ ತೆಗೆಯುವುದು ಪೂರ್ತಿ ಸಂಬಳದ ಮೇಲೋ, ಪಿಎಫ್, ಟ್ಯಾಕ್ಸ್ ಎಲ್ಲ ಹೋಗಿ ಕೈಗೆ ಬರುವುದರ ಮೇಲೋ?" ಅವನು ಹೋಗುವ ಸಭೆಯಲ್ಲಿ ಈ ವಿಷಯದ ಮೇಲೆ ಸಾಲಾಗಿ ಪ್ರಸಂಗಗಳಾದವಂತೆ. ಪೂರ್ತಿ ಸಂಬಳದ ಮೇಲೆ ಕೊಟ್ಟರೆ ಪೂರ್ತಿ ಆಶೀರ್ವಾದ, ಕಡಿಮೆ ಕೊಟ್ಟರೆ ಕಡಿಮೆ ಆಶೀರ್ವಾದ ಎಂದರಂತೆ. ಇದಲ್ಲದೆ 'ಬೀಜದ ಕಾಣಿಕೆ' ಎಂದು ಬೇರೆ ಕವರ್. ಸಾಲ ತೀರಬೇಕಾದವರು, ಮದುವೆಯಾಗಬೇಕಾದವರು, ವೀಸಾ ಬರಬೇಕಾದವರು ಅದರಲ್ಲಿ ಹಾಕಬೇಕು.

ಇದನ್ನು ಕೇಳಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಕೂತು ಠೇವಣಿಗೆ ಇಷ್ಟು ಬಡ್ಡಿ ಎಂದು ಜನರಿಗೆ ಹೇಳಿದವಳು ನಾನು. ದೇವರ ಹೆಸರಿನಲ್ಲಿ ಅದೇ ರೀತಿ ದರ ಹೇಳುವುದನ್ನು ಕೇಳಲಾರೆ. ಆದರೆ ಹುಡುಗ ಕಪಟವಿಲ್ಲದೆ ಕೇಳಿದ್ದಾನೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಿನಿಂದ ಹತ್ತರಲ್ಲಿ ಒಂದು ಪಾಲು ತೆಗೆದಿಡುತ್ತಿದ್ದಾನೆ. ಅವನ ವಯಸ್ಸಿನಲ್ಲಿ ಅಷ್ಟು ಶಿಸ್ತು ಇರುವವರು ಕಡಿಮೆ. "ನಾಳೆ ಗಾಂಧಿ ಜಯಂತಿ, ನನಗೂ ಬಿಡುವು. ಓದಿ ಹೇಳುತ್ತೇನೆ ಮಗಾ" ಎಂದೆ.

ಫೋನ್ ಇಡುವ ಮುಂಚೆ ಅಣ್ಣನ ಮೊಣಕಾಲಿನ ಆಪರೇಷನ್ ಯಾವಾಗ ಎಂದು ಕೇಳಿದೆ. "ಹಣ ಸ್ವಲ್ಪ ಕೂಡಿ ಬರಲಿ ಅತ್ತೆ" ಎಂದ.

ಅಕ್ಟೋಬರ್ 2, ಬುಧವಾರ

ಬೆಳಗಿನಿಂದ ಸತ್ಯವೇದ ಮತ್ತು ನೋಟ್ ಪುಸ್ತಕ ಇಟ್ಟುಕೊಂಡು ಕೂತಿದ್ದೆ. ಮಳೆ ಬಿಟ್ಟುಬಿಟ್ಟು ಬರುತ್ತಿತ್ತು.

ದಶಮಾಂಶ ಎಂದ ಕೂಡಲೇ ಎಲ್ಲರೂ ಮಲಾಕಿಯನ ಮೂರನೆಯ ಅಧ್ಯಾಯದ ಹತ್ತನೆಯ ವಚನಕ್ಕೆ ಓಡುತ್ತಾರೆ. ಭಂಡಾರಕ್ಕೆ ತನ್ನಿ, ನಾನು ಆಕಾಶದ ದ್ವಾರ ತೆರೆಯುತ್ತೇನೋ ಇಲ್ಲವೋ ನೋಡಿ ಎಂಬ ಮಾತಿಗೆ. ಅದೇ ಅಧ್ಯಾಯದ ಐದನೆಯ ವಚನ ಓದುವವರು ಕಡಿಮೆ. ಅಲ್ಲಿ ದೇವರು ನ್ಯಾಯತೀರ್ಪಿಗೆ ಬರುವುದು ಕೂಲಿಯವನ ಕೂಲಿಯಲ್ಲಿ ಮೋಸ ಮಾಡುವವರ, ವಿಧವೆಯನ್ನೂ ತಂದೆಯಿಲ್ಲದವರನ್ನೂ ಹಿಂಡುವವರ, ಪರದೇಶಿಯ ನ್ಯಾಯ ತಪ್ಪಿಸುವವರ ಮೇಲೆ. ಆ ಭಂಡಾರದಲ್ಲಿ ಆಹಾರವಿರಬೇಕು ಎನ್ನುವಾಗ ಅದು ಯಾರ ಆಹಾರ ಎಂದು ಅಲ್ಲೇ ತಿಳಿಯುತ್ತದೆ.

ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯವಂತೂ ಎಷ್ಟು ಸಲ ಓದಿದರೂ ಹೊಸದು. ಬೆಳೆಯ ಹತ್ತನೆಯ ಪಾಲನ್ನು ದೇವರು ಆರಿಸಿದ ಸ್ಥಳಕ್ಕೆ ಒಯ್ದು, ಮನೆಮಂದಿಯೆಲ್ಲ ಅಲ್ಲಿ ಕೂತು ಸಂತೋಷದಿಂದ ಊಟ ಮಾಡಬೇಕು. ದಾರಿ ದೂರವಾದರೆ ಧಾನ್ಯ ಮಾರಿ ಬೆಳ್ಳಿ ಕಟ್ಟಿಕೊಂಡು ಹೋಗಿ ಅಲ್ಲೇ ಬೇಕಾದ್ದು ಕೊಂಡುಕೊಳ್ಳಬಹುದು. ಊರಿನ ಲೇವಿಯನನ್ನು ಮಾತ್ರ ಕೈಬಿಡಬಾರದು, ಅವನಿಗೆ ಹೊಲವಿಲ್ಲ. ಮೂರು ವರ್ಷಕ್ಕೊಮ್ಮೆ ಆ ಪಾಲನ್ನು ಊರಲ್ಲೇ ಕೂಡಿಡಬೇಕು. ಲೇವಿಯ, ಪರದೇಶಿ, ಅನಾಥ, ವಿಧವೆ ಬಂದು ಹೊಟ್ಟೆ ತುಂಬ ತಿನ್ನಬೇಕು. ಇಷ್ಟು ಓದಿದ ಮೇಲೆ ಪಿಎಫ್‌ಗೆ ಮುಂಚೆಯೋ ಆಮೇಲೆಯೋ ಎಂಬ ಪ್ರಶ್ನೆ ಬಹಳ ಚಿಕ್ಕದಾಗಿ ಕಾಣುತ್ತದೆ. ಈ ಪಾಲು ತಿಂದವರು ಯಾರು ಎಂಬುದೇ ಕೇಳಬೇಕಾದ ಪ್ರಶ್ನೆ.

ಹೊಸ ಒಡಂಬಡಿಕೆಯಲ್ಲಿ ಸಭೆಗಳಿಗೆ ಹತ್ತರ ಲೆಕ್ಕ ವಿಧಿಸಿದ ಮಾತು ಇಲ್ಲ. ಪೌಲನು ಕೊರಿಂಥದವರಿಗೆ ಹೇಳಿದ್ದು ವಾರದ ಮೊದಲ ದಿನ ತಮ್ಮ ಸಂಪಾದನೆಗೆ ತಕ್ಕಂತೆ ತೆಗೆದಿಡಿ ಎಂದು. ಜಕ್ಕಾಯನು ಯಾರೂ ಕೇಳದೆ ಅರ್ಧ ಆಸ್ತಿ ಕೊಡುತ್ತೇನೆ ಎಂದು ಎದ್ದು ನಿಂತ. ಹಾಗಾದರೆ ಹತ್ತು ಏಕೆ? ನನ್ನ ಮಟ್ಟಿಗೆ ಅದು ಕಲಿಯಲು ಶುರು ಮಾಡುವ ಜಾಗ. ಅಲ್ಲಿಂದ ಮುಂದೆ ಹೋಗುವವರು ಹೋಗುತ್ತಾರೆ. ಜಾನ್ ವೆಸ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ವರ್ಷಕ್ಕೆ 30 ಪೌಂಡು ಬಂದರೆ 28ರಲ್ಲಿ ಬದುಕಿ 2 ಕೊಟ್ಟರು. ವರಮಾನ 60 ಆಯಿತು, 90 ಆಯಿತು, 120 ಆಯಿತು. ಅವರು ಬದುಕಿದ್ದು ಅದೇ 28ರಲ್ಲಿ.

ಸಂಜೆ ಹುಡುಗನಿಗೆ ಇದೆಲ್ಲ ಹೇಳಿದೆ. ಮಾರ್ಕನ ಏಳನೆಯ ಅಧ್ಯಾಯವನ್ನೂ ಓದು ಎಂದೆ. ತಂದೆತಾಯಿಗೆ ಆಗಬೇಕಾದ ಹಣವನ್ನು 'ಕೊರ್ಬಾನ್', ದೇವರಿಗೆ ಮೀಸಲು ಎಂದು ಹೇಳಿ ಕೈ ತೊಳೆದುಕೊಳ್ಳುವವರ ಮೇಲೆ ಯೇಸು ಎಷ್ಟು ಕಠಿಣವಾಗಿ ಮಾತಾಡಿದನು ಎಂಬುದು ಅಲ್ಲಿದೆ. ಅಣ್ಣನ ಕಾಲಿನ ಮಾತು ನಾನು ಎತ್ತಲಿಲ್ಲ. ಅವನು ತುಸು ಹೊತ್ತು ಸುಮ್ಮನಿದ್ದು, "ಓದುತ್ತೇನೆ ಅತ್ತೆ" ಎಂದ.

ಅಕ್ಟೋಬರ್ 6, ಭಾನುವಾರ

ಇಂದು ಕರ್ತನ ಭೋಜನ ಇತ್ತು. ಆರಾಧನೆ ಮುಗಿದ ಮೇಲೆ ವೆಸ್ಟ್ರಿಯಲ್ಲಿ ಕಾಣಿಕೆ ಎಣಿಸಿದೆವು. ಖಜಾಂಚಿ ಒಬ್ಬಳೇ ಎಣಿಸಬಾರದು ಎಂಬುದು ನಮ್ಮ ಸಭೆಯ ಹಳೆಯ ಕ್ರಮ. ಇಬ್ಬರು ಎಣಿಸಿ, ಇಬ್ಬರೂ ಸಹಿ ಹಾಕಬೇಕು. ಈಗ ಬಾಗಿಲ ಬಳಿ ಕ್ಯೂಆರ್ ಕೋಡ್ ಬಂದ ಮೇಲೆ ಐನೂರರ ನೋಟುಗಳು ಕಡಿಮೆಯಾಗಿವೆ. ಚೀಲದಲ್ಲಿ ಉಳಿಯುವುದು ಫೋನ್ ಇಲ್ಲದವರ ಹಣ: ಹತ್ತು, ಇಪ್ಪತ್ತು, ಮಕ್ಕಳ ಐದು ರೂಪಾಯಿ ನಾಣ್ಯ.

ಅದರಲ್ಲಿ ಒಂದು ಸುರುಳಿ ಪ್ರತಿ ವಾರವೂ ಇರುತ್ತದೆ. ಹತ್ತರ ನೋಟುಗಳನ್ನು ಬಿಗಿಯಾಗಿ ಸುತ್ತಿ, ಬೀಡಿಯ ಬಾಯಿ ಕಟ್ಟುವ ನೂಲಿನಿಂದಲೇ ಎರಡು ಸುತ್ತು ಹಾಕಿ ಗಂಟು ಬಿಗಿದದ್ದು. ಬಿಡಿಸಿದರೆ ಹೊಗೆಸೊಪ್ಪಿನ ಘಾಟು. ಇಂದು 130 ರೂಪಾಯಿ ಇತ್ತು. ಗುಡ್ಡೆಯ ಮೇಲಿನ ಮನೆಯವಳದು ಎಂದು ಹೆಸರು ಬರೆಯದಿದ್ದರೂ ಗೊತ್ತು. ಗಂಡ ತೀರಿಕೊಂಡು ವರ್ಷಗಳಾದವು. ಮಗಳು ಪಿಯುಸಿ. ಶನಿವಾರ ಬ್ರಾಂಚಿಗೆ ಬೀಡಿ ಒಪ್ಪಿಸಿ ಮಜೂರಿ ಕೈಗೆ ಬಂದ ಕೂಡಲೇ ಹತ್ತರಲ್ಲಿ ಒಂದನ್ನು ತೆಗೆದಿಡುತ್ತಾಳೆ, ಆಮೇಲೆ ಸ್ವಸಹಾಯ ಸಂಘದ ಕಂತು, ಆಮೇಲೆ ಅಂಗಡಿ.

ನನ್ನ ಜೊತೆ ಎಣಿಸುತ್ತಿದ್ದ ಹಿರಿಯರು ಬಡ ವಿಧವೆಯ ಎರಡು ಕಾಸಿನ ಕಥೆ ನೆನಪಿಸಿ, ಎಂಥ ವಿಶ್ವಾಸ ಎಂದರು. ವಿಶ್ವಾಸ ಹೌದು. ಆದರೆ ಆ ಕಥೆಯ ಹಿಂದಿನ ವಚನ ನನ್ನನ್ನು ಬಿಡುವುದಿಲ್ಲ. ಮಾರ್ಕನ ಹನ್ನೆರಡನೆಯ ಅಧ್ಯಾಯದಲ್ಲಿ, ವಿಧವೆ ಪೆಟ್ಟಿಗೆಗೆ ಕಾಸು ಹಾಕುವ ಮುಂಚೆ, ವಿಧವೆಯರ ಮನೆಗಳನ್ನು ನುಂಗಿ ನಟನೆಗಾಗಿ ಉದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ವಿಷಯದಲ್ಲಿ ಯೇಸು ಎಚ್ಚರಿಸುತ್ತಾನೆ. ಎರಡೂ ಒಟ್ಟಿಗೇ ಇವೆ. ಧರ್ಮೋಪದೇಶಕಾಂಡದ ಪ್ರಕಾರ ಈ ಹೆಂಗಸು ಕೊಡುವವರ ಪಟ್ಟಿಯಲ್ಲಿ ಅಲ್ಲ, ತಿನ್ನುವವರ ಪಟ್ಟಿಯಲ್ಲಿ ಇರಬೇಕಾದವಳು. ನಮ್ಮ ರಿಜಿಸ್ಟರಿನಲ್ಲಿ ಆ ಎರಡನೆಯ ಪಟ್ಟಿ ಎಲ್ಲಿದೆ? ಕರ್ತನ ಭೋಜನದ ದಿನದ ಕಾಣಿಕೆ ಬಡವರ ನಿಧಿಗೆ ಎಂಬ ನಿಯಮ ಇದೆ. ಆ ಖಾತೆಯಿಂದ ಈ ವರ್ಷ ಒಂದು ಚೆಕ್ಕೂ ಹೊರಡಲಿಲ್ಲ. ಕೇಳುವವರು ಬರಲಿಲ್ಲ ಎನ್ನುತ್ತಾರೆ. ಕೇಳಲು ಯಾರಿಗೆ ಬಾಯಿ ಬರುತ್ತದೆ?

ಅಕ್ಟೋಬರ್ 8, ಮಂಗಳವಾರ

ಗುಡ್ಡೆಯ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಗೆರಸೆ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುರುಟುತ್ತಿದ್ದಳು. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುರುಟಿ ಬಾಯಿ ಮಡಚಿ ನೂಲು ಸುತ್ತುವುದು, ಯಾವುದನ್ನೂ ನೋಡದೆ ಕೈ ತಾನೇ ಮಾಡುತ್ತದೆ. ಚಹಾ ಮಾಡಿಕೊಟ್ಟಳು. ಮಾತಿನ ನಡುವೆ, "ವಾರ ವಾರ ಹೀಗೆ ಕೊಡುವುದು ನಿನಗೆ ಭಾರ ಆಗುವುದಿಲ್ಲವಾ?" ಎಂದು ಕೇಳಿದೆ.

ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಅಕ್ಕ, ಕೊಡಬೇಡ ಅಂತ ಮಾತ್ರ ಹೇಳಬೇಡಿ. ವಾರವಿಡೀ ನಾನು ಒಬ್ಬರ ಹತ್ತಿರ ತೆಗೆದುಕೊಳ್ಳುವವಳೇ. ರೇಷನ್ ತೆಗೆದುಕೊಳ್ಳಬೇಕು, ಸಾಲ ತೆಗೆದುಕೊಳ್ಳಬೇಕು, ಅವರಿವರ ಮಾತು ಕೇಳಿಸಿಕೊಳ್ಳಬೇಕು. ಚೀಲ ನನ್ನ ಎದುರು ಬಂದಾಗ ನಾನೂ ಎಲ್ಲರ ಹಾಗೆ."

ಮಕೆದೋನ್ಯದ ಸಭೆಗಳ ವಿಷಯ ಪೌಲನು ಬರೆದದ್ದು ಇದನ್ನೇ. ಕಡುಬಡತನದಲ್ಲಿದ್ದವರು, ಯೆರೂಸಲೇಮಿನ ಬಡವರಿಗೆ ಕೊಡುವುದರಲ್ಲಿ ನಮಗೂ ಪಾಲು ಬೇಕು ಎಂದು ತಾವೇ ಬೇಡಿಕೊಂಡರು. ಬಡವರ ಕಾಣಿಕೆಯನ್ನು ಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಅದನ್ನು ತೆಗೆದುಕೊಂಡ ಸಭೆಗೆ ಮಾತ್ರ ದೊಡ್ಡ ಹೊಣೆ ಬೀಳುತ್ತದೆ. ಮಗಳ ಎರಡನೆಯ ಕಂತಿನ ಫೀಸು ಬಾಕಿ ಇದೆ ಎಂದು ಹೊರಡುವಾಗ ಆ ಹುಡುಗಿಯಿಂದ ತಿಳಿಯಿತು, ತಾಯಿಯಿಂದ ಅಲ್ಲ.

ಅಕ್ಟೋಬರ್ 12, ಶನಿವಾರ

ವಿಜಯದಶಮಿ. ಪಕ್ಕದ ಮನೆಯಿಂದ ಪಾಯಸ ಬಂತು. ಮಧ್ಯಾಹ್ನ ಅಜ್ಜಿಯ ಹಳೆಯ ಪೆಟ್ಟಿಗೆ ತೆಗೆದು ಒಣಗಿಸಿದೆ.

ಅಜ್ಜಿಯ ಅಡಿಗೆಮನೆಯಲ್ಲಿ ಮುಚ್ಚಳದ ಒಂದು ಡಬ್ಬಿ ಬೇರೆಯೇ ಇರುತ್ತಿತ್ತು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಆ ಡಬ್ಬಿಗೆ. ತಿಂಗಳ ಕೊನೆಗೆ ಸ್ತ್ರೀಯರ ಕೂಟಕ್ಕೆ ಹೋಗುತ್ತಿತ್ತು. ಅಳೆದದ್ದರಿಂದಲೇ ತೆಗೆಯಬೇಕು, ಬೇರೆ ಅಕ್ಕಿ ಹಾಕಬಾರದು ಎಂಬುದು ಅವಳ ಕಟ್ಟು. ಅಂದರೆ ಮನೆಯವರ ಬಟ್ಟಲಿನಲ್ಲಿ ಒಂದು ತುತ್ತು ಕಡಿಮೆ ಆಗಲೇಬೇಕು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಲ್ಲಿ ಶುರು ಮಾಡಿದ ಹಿಡಿ ಅಕ್ಕಿ ಇಂದಿಗೂ ನಡೆದಿದೆ. ಬಡ ಗುಡ್ಡಗಾಡಿನ ಆ ಸಭೆ ತನ್ನ ಸುವಾರ್ತಿಕರನ್ನು ತಾನೇ ಸಾಕಿ, ಹೊರನಾಡಿಗೂ ಕಳಿಸುವಷ್ಟು ಬೆಳೆಯಿತು. ನಮ್ಮಲ್ಲಿ ಏಕೆ ನಿಂತಿತು ಎಂದು ಯಾರನ್ನು ಕೇಳಲಿ? ಕುಕ್ಕರ್ ಬಂದಾಗ ಡಬ್ಬಿ ಹೋಯಿತು, ಅಷ್ಟೇ.

ನಾವು ಕರಾವಳಿಯ ಬಾಸೆಲ್ ಮಿಷನ್ನಿನ ಮಕ್ಕಳು ಮರೆತ ಇನ್ನೊಂದು ವಿಷಯವಿದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು, ಆಮೇಲೆ ಮಿಷನ್ನಿನವರು ಶಾಲೆ ಕಟ್ಟಿದರು, ಮುದ್ರಣಾಲಯ ತೆರೆದರು, ಹೆಂಚಿನ ಕಾರ್ಖಾನೆ ಹಾಕಿದರು ಎಂದು ಶತಮಾನೋತ್ಸವಗಳಲ್ಲಿ ಹೇಳುತ್ತೇವೆ. ಆ ಹಣ ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. 1850ರ ದಶಕದಲ್ಲಿ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಸಾಮಾನ್ಯ ಮನೆಗಳಿಂದ ವಾರಕ್ಕೆ ಅರ್ಧ ಬಾಟ್ಸೆನ್, ಒಂದು ಪುಡಿಕಾಸು, ಕೂಡಿಸುವ ಕ್ರಮ ಬಂತು. ರೈತರು, ಮನೆಗೆಲಸದವರು, ಕೂಲಿಯವರು ಕೊಟ್ಟ ಕಾಸು. ಕಿಟೆಲರು ದುಡಿದ ಮಿಷನ್ನಿಗೆ ಅಂಥ ಕಾಸುಗಳೂ ಬಂದು ಸೇರಿದ್ದವು. ನಾವು ಕೊಡುವವರಾಗುವ ಮುಂಚೆ ಬಡವರ ಕೈಯಿಂದ ತೆಗೆದುಕೊಂಡವರು. 1914ರ ಯುದ್ಧದಿಂದ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ಊರು ಬಿಡಬೇಕಾಯಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆಗ ಇಲ್ಲಿಯ ಸಭೆ ತನ್ನ ಕಾಲ ಮೇಲೆ ನಿಲ್ಲಬೇಕಾಯಿತು. ಅಜ್ಜಿಯ ಡಬ್ಬಿ ಆ ಕಾಲದ್ದೇ ಇರಬೇಕು.

ವಿ. ಎಸ್. ಅಜರಯ್ಯ ಇದನ್ನು ಮೊದಲೇ ಕಂಡಿದ್ದರು. 1905ರ ಕ್ರಿಸ್ಮಸ್ ದಿನ ಸೆರಾಂಪುರದಲ್ಲಿ ಅವರೂ ಗೆಳೆಯರೂ ರಾಷ್ಟ್ರೀಯ ಮಿಷನರಿ ಸಂಘ ಕಟ್ಟಿದಾಗ, ಹಣವೂ ಜನರೂ ಆಡಳಿತವೂ ಭಾರತದ್ದೇ ಆಗಿರಬೇಕು ಎಂದು ಹಟ ಹಿಡಿದರು. 1912ರಲ್ಲಿ ದೋರ್ನಕಲ್ಲಿನ ಬಿಷಪ್ಪರಾಗಿ, ಜೀತದಲ್ಲಿ ಬೆಂದ ದಲಿತ ಸಭೆಗಳಿಗೂ ಕೊಡುವುದನ್ನು ಕಲಿಸಿದರು. ಕ್ರೈಸ್ತ ದಾನದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಬಡವನಿಂದ ಏನನ್ನೂ ನಿರೀಕ್ಷಿಸದಿರುವುದು ಅವನನ್ನು ಕೀಳು ಮಾಡಿದಂತೆ ಎಂದು ಅವರ ಬಾಳಿನಿಂದ ನಾನು ತಿಳಿದುಕೊಂಡದ್ದು. ಗುಡ್ಡೆ ಮನೆಯವಳು ಹೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಅಕ್ಟೋಬರ್ 20, ಭಾನುವಾರ

ಬೆಳೆ ಹಬ್ಬ. ಬಲಿಪೀಠದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬಾಳೆಗೊನೆ, ಸೀಯಾಳ, ಹೊಸ ಭತ್ತದ ತೆನೆ, ಕುಚ್ಚಲಕ್ಕಿ ಮೂಟೆ, ಮುಳ್ಳುಸೌತೆ, ಅರಿವೆ, ಮೂಲೆಯಲ್ಲಿ ಕಾಲು ಕಟ್ಟಿದ ಎರಡು ಊರ ಕೋಳಿ. ಹೊಲ ಇರುವವರು ನಮ್ಮಲ್ಲಿ ಈಗ ಕಡಿಮೆ, ಆದ್ದರಿಂದ ಕೇಕು, ಹಲ್ವ, ಉಪ್ಪಿನಕಾಯಿ ಬಾಟಲಿಗಳೂ ಬೆಳೆಯೇ.

ಆರಾಧನೆಯ ಬಳಿಕ ಅಂಗಳದಲ್ಲಿ ಏಲಂ. ಒಂದು ಸಾರಿ, ಎರಡು ಸಾರಿ ಎಂದು ಕೂಗುವ ಯುವಕನ ಗಂಟಲು ಹನ್ನೊಂದಕ್ಕೇ ಕಟ್ಟಿತ್ತು. ಏಲಮ್ಮಿನಲ್ಲಿ ಹಣವಿದ್ದವರ ಮೆರೆದಾಟವಿದೆ ಎಂದು ಟೀಕೆ ಇದೆ, ನಾನೂ ಕೇಳಿದ್ದೇನೆ. ಆದರೂ ನನಗೆ ಈ ಹಬ್ಬ ಪ್ರೀತಿ. ಕೊಡುವುದರಲ್ಲಿ ನಗು ಇರುವ ದಿನ ಇದೊಂದೇ. ಗುಡ್ಡೆ ಮನೆಯವಳು ಹಿತ್ತಲಿನ ಬಸಳೆ ತಂದಿದ್ದಳು, ಕೆಂಪು ದಂಟಿನ ಒಳ್ಳೆಯ ಕಟ್ಟು. ಗಲ್ಫಿನಿಂದ ರಜೆಗೆ ಬಂದವರೊಬ್ಬರು 600ಕ್ಕೆ ಹಿಡಿದು, ಪುನಃ ಏಲಂ ಹಾಕಿ ಎಂದು ಹಿಂದಕ್ಕೆ ಕೊಟ್ಟರು. ಎರಡನೆಯ ಸಲ 900. ಮೂರನೆಯವರು 1,000 ಕೊಟ್ಟು ಮನೆಗೆ ಒಯ್ದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮಗಳು ಪಕ್ಕದಲ್ಲಿ, "ಅಮ್ಮ, ನಮ್ಮ ಬಸಳೆ!" ಎಂದು ಕುಣಿಯುತ್ತಿದ್ದಳು.

ಒಟ್ಟು 84,350 ರೂಪಾಯಿ. ಹೋದ ವರ್ಷಕ್ಕಿಂತ ಹೆಚ್ಚು.

ಅಕ್ಟೋಬರ್ 24, ಗುರುವಾರ

ಇಂದು ಪಾಸ್ಟರೇಟ್ ಕಮಿಟಿ. ಮಳೆಗೆ ಬಿದ್ದ ಕಂಪೌಂಡ್ ಗೋಡೆ, ಹೊಸ ಮೈಕ್ ಸೆಟ್, ಡಯಾಸಿಸ್‌ಗೆ ಕಟ್ಟಬೇಕಾದ ಪಾಲು, ಎಲ್ಲ ಮುಗಿದ ಮೇಲೆ ನನ್ನ ವಿಷಯ ಎತ್ತಿದೆ.

ಅರಣ್ಯಕಾಂಡದ ಹದಿನೆಂಟನೆಯ ಅಧ್ಯಾಯ ತೆರೆದು ತೋರಿಸಿದೆ. ಜನರಿಂದ ದಶಮಾಂಶ ತೆಗೆದುಕೊಳ್ಳುವ ಲೇವಿಯರೂ ತಮಗೆ ಬಂದದ್ದರಲ್ಲಿ ಹತ್ತನೆಯ ಪಾಲನ್ನು ಎತ್ತಿಡಬೇಕು. ತೆಗೆದುಕೊಳ್ಳುವವರಿಗೆ ವಿನಾಯಿತಿ ಇಲ್ಲ. ಸಭೆ ಪ್ರತಿ ಕುಟುಂಬದಿಂದ ಹತ್ತರಲ್ಲಿ ಒಂದು ಕೇಳುವುದಾದರೆ, ಸಭೆಯೂ ತನಗೆ ಬಂದದ್ದರಲ್ಲಿ ಹತ್ತರಲ್ಲಿ ಒಂದನ್ನು ಹೊರಗೆ ಕೊಡಬೇಕು. ಗೋಡೆಗಲ್ಲ, ಮೈಕಿಗಲ್ಲ. ವಿಧವೆಯರಿಗೆ, ರೋಗಿಗಳಿಗೆ, ಮಕ್ಕಳ ಫೀಸಿಗೆ, ನಮ್ಮ ಸಭೆಯವರಲ್ಲದವರಿಗೂ.

ಹಿರಿಯರೊಬ್ಬರು, "ಮೊದಲು ನಮ್ಮ ಮನೆ, ಆಮೇಲೆ ಹೊರಗಿನದು" ಎಂದರು. ಒಳ್ಳೆಯ ಮನುಷ್ಯ, ನಲವತ್ತು ವರ್ಷ ಈ ಸಭೆಗಾಗಿ ಓಡಾಡಿದವರು. ಅವರ ಮಾತಿನಲ್ಲಿ ಜಿಪುಣತನ ಇರಲಿಲ್ಲ, ಗೋಡೆ ಬಿದ್ದಿರುವುದು ನಿಜ. ನಾನು ಎರಡನೆಯ ಶತಮಾನದ ಸಭೆಯ ವಿಷಯ ಹೇಳಿದೆ. ರೋಮಿನಲ್ಲಿದ್ದ ಜಸ್ಟಿನ್ ಮಾರ್ಟಿರ್, ಭಾನುವಾರದ ಆರಾಧನೆಯಲ್ಲಿ ಕೂಡಿದ ಹಣ ಸಭೆ ನಡೆಸುವವನ ಕೈಗೆ ಹೋಗುತ್ತದೆ, ಅವನು ಅನಾಥರನ್ನು, ವಿಧವೆಯರನ್ನು, ರೋಗಿಗಳನ್ನು, ಸೆರೆಯಲ್ಲಿರುವವರನ್ನು, ಬಂದ ಪರದೇಶಿಗಳನ್ನು ನೋಡಿಕೊಳ್ಳುತ್ತಾನೆ ಎಂದು ಬರೆದಿದ್ದಾನೆ. ಕಾರ್ಥೇಜಿನ ತೆರ್ತುಲ್ಯನು ಕೊಡುವ ಪಟ್ಟಿಯಲ್ಲಿ ಬಡವರ ಶವಸಂಸ್ಕಾರ, ಮುದಿ ಆಳುಗಳು, ಹಡಗೊಡೆದು ಬಂದವರು ಕೂಡ ಇದ್ದಾರೆ. ಅವರಿಗೆ ಆಗ ಗೋಡೆ ಕಟ್ಟಲು ಸ್ವಂತ ದೇವಾಲಯವೇ ಇರಲಿಲ್ಲ.

ವಾದ ಒಂದು ಗಂಟೆ ನಡೆಯಿತು. ಸಭಾಪಾಲಕರಾದ ಅಯ್ಯನವರು ನನ್ನ ಪರ ನಿಂತರು, ಆದರೆ ಒತ್ತಾಯಿಸಲಿಲ್ಲ. ಕೊನೆಗೆ ಆದದ್ದು: ಬೆಳೆ ಹಬ್ಬದ ಹಣದ ಹತ್ತರಲ್ಲಿ ಒಂದು, ಮಾರ್ಚ್ ತನಕ ತಿಂಗಳ ಕಾಣಿಕೆಯ ಹತ್ತರಲ್ಲಿ ಒಂದು, ಬಡವರ ನಿಧಿಗೆ. ಕೊಡುವುದನ್ನು ತೀರ್ಮಾನಿಸಲು ಮೂವರು. ಯಾರೂ ಅರ್ಜಿ ಹಿಡಿದು ಬರಬೇಕಾಗಿಲ್ಲ. ನಾವೇ ಹೋಗಿ ವಿಚಾರಿಸಬೇಕು. ತಿಂಗಳ ಲೆಕ್ಕ ಆರಾಧನೆಯಲ್ಲಿ ಓದಿ ನೋಟಿಸ್ ಬೋರ್ಡಿಗೆ ಹಚ್ಚಬೇಕು, ತೆಗೆದುಕೊಂಡವರ ಹೆಸರು ಮಾತ್ರ ಬೇಡ. ಲೆಕ್ಕದ ಮಾತಿಗೆ ಯಾರೂ ಎದುರಾಡಲಿಲ್ಲ. ಪೌಲನು ಸಹ ಯೆರೂಸಲೇಮಿಗೆ ಹಣ ಒಯ್ಯುವಾಗ, ತನ್ನ ಮೇಲೆ ಯಾರೂ ತಪ್ಪು ಹೊರಿಸದಂತೆ ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡೇ ಹೋದದ್ದು.

ಪೂರ್ತಿ ವರ್ಷಕ್ಕೆ ಆಗಬೇಕೆಂದು ನನ್ನ ಆಸೆ ಇತ್ತು. ಸಿಕ್ಕಿದ್ದು ಅರ್ಧ.

ನವೆಂಬರ್ 5, ಮಂಗಳವಾರ

ಭಾನುವಾರ ಲೆಕ್ಕ ಓದಿದೆ. ಹಿಂದಿನ ಬೆಂಚಿನಿಂದ ಒಬ್ಬರು ಎದ್ದು, ಡಯಾಸಿಸ್ ಪಾಲು ಎಷ್ಟು ಎಂದು ಕೇಳಿದರು, ಹೇಳಿದೆ. ಇಂಥ ಪ್ರಶ್ನೆ ಬರಬೇಕು.

ನಿಧಿಯಿಂದ ಎರಡು ಪಾವತಿ ಆಗಿದೆ. ಪಿಯುಸಿ ಹುಡುಗಿಯ ಫೀಸು ನೇರ ಕಾಲೇಜಿಗೆ ಕಟ್ಟಿದೆವು. ತಾಯಿ ಶನಿವಾರ ಸಿಕ್ಕಿದಾಗ ಕೈ ಹಿಡಿದುಕೊಂಡು, ಮುಂದಿನ ವಾರದಿಂದ ಸುರುಳಿಯಲ್ಲಿ ಹತ್ತು ರೂಪಾಯಿ ಹೆಚ್ಚು ಹಾಕುತ್ತೇನೆ ಎಂದಳು. ಬೇಡ ಎನ್ನಲಿಲ್ಲ. ಎರಡನೆಯದು ಮಲ್ಪೆ ಬಂದರಿನಲ್ಲಿ ಬೋಟಿನ ಹಗ್ಗಕ್ಕೆ ಕೈ ಸಿಕ್ಕಿ ಬೆರಳು ಜಜ್ಜಿಹೋದ ಒಡಿಶಾದ ಹುಡುಗನ ಆಸ್ಪತ್ರೆ ಬಿಲ್ಲಿನ ಬಾಕಿ. ಅವನು ಕ್ರೈಸ್ತನೋ ಅಲ್ಲವೋ ಎಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಬಿಲ್ ಕಟ್ಟಿ ಬಂದವರು, ಕಮಿಟಿಯಲ್ಲಿ 'ಮೊದಲು ನಮ್ಮ ಮನೆ' ಎಂದಿದ್ದ ಆ ಹಿರಿಯರೇ. ಹುಡುಗನಿಗೆ ಊಟಕ್ಕೆ ಏನಿದೆ ಎಂದು ವಾರ್ಡಿನಲ್ಲಿ ವಿಚಾರಿಸಿ, ತಮ್ಮ ಮನೆಯಿಂದ ಗಂಜಿ ಕಳಿಸುತ್ತಿದ್ದಾರೆ.

ರಾತ್ರಿ ಅಣ್ಣನ ಮಗ ಮಾತಾಡಿದ. ಆಪರೇಷನ್ ಈ ತಿಂಗಳು 18ಕ್ಕೆ. ಮುಂಗಡ ಕಟ್ಟಿದ್ದಾನೆ. ಬೀಜದ ಕವರಿಗೆ ಹಾಕುವುದನ್ನು ನಿಲ್ಲಿಸಿದ್ದಾನೆ. "ಅತ್ತೆ, ಅಪ್ಪನ ಆಪರೇಷನ್ನಿನ ಹಣವನ್ನು ದಶಮಾಂಶದಲ್ಲಿ ಸೇರಿಸಬಹುದಾ?" ಎಂದು ಕೇಳಿದ. ಸೇರಿಸಬೇಡ ಎಂದೆ. ಅಪ್ಪನಿಗೆ ಮಾಡುವುದು ಮಗನ ಕರ್ತವ್ಯ, ಅದು ಮೊದಲು. ಕೈ ಬಿಗಿಯಾದ ತಿಂಗಳು ಹತ್ತರ ಬದಲು ಐದು ಕೊಡು, ಮೂರು ಕೊಡು, ಲೆಕ್ಕ ಹಿಡಿದು ದೇವರು ಬಾಗಿಲಲ್ಲಿ ನಿಂತಿಲ್ಲ. ಆದರೆ ಪೂರ್ತಿ ನಿಲ್ಲಿಸಬೇಡ, ಮತ್ತು ನೀನು ಕೊಟ್ಟದ್ದು ಯಾರಿಗೆ ಹೋಯಿತು ಎಂದು ನಿನ್ನ ಸಭೆಯಲ್ಲಿ ಕೇಳು ಎಂದೆ. "ಹಾಗೆ ಕೇಳಿದರೆ ಏನೆಂದುಕೊಳ್ಳುತ್ತಾರೋ" ಎಂದ. "ಕೇಳು ಮಗಾ, ಮರ್ಯಾದೆಯಿಂದ ಕೇಳು. ಉತ್ತರ ಕೊಡುವ ಸಭೆಯಲ್ಲಿ ಇರು" ಎಂದೆ.

ಮುಂದಿನ ಕಮಿಟಿಗೆ ಹಿರಿಯರು ಗೋಡೆಯ ಎಸ್ಟಿಮೇಟ್ ತರುತ್ತಾರೆ. ಗೋಡೆಗೆ ನನ್ನ ಪಾಲಿನ ಹಣ ಬೇರೆ ಕೊಡುತ್ತೇನೆ ಎಂದು ಅವರಿಗೆ ಹೇಳಿಯಾಗಿದೆ. ಮಾರ್ಚ್ ಆದ ಮೇಲೆಯೂ ಹತ್ತರಲ್ಲಿ ಒಂದನ್ನು ಮುಂದುವರಿಸಬೇಕೆಂಬ ಮಾತನ್ನು ಅದೇ ದಿನ ಅವರ ಬಾಯಿಂದಲೇ ಆಡಿಸಬೇಕೆಂದಿದ್ದೇನೆ. ನಾಳೆ ಸಂಜೆ ಅವರ ಮನೆಗೆ ಹೋಗಬೇಕು.